ಬಲಗೈಗೆ ಅಪ್ಪಣೆ

ನಮ್ಮ ಓಣಿಗೆ ನಳ ಬರುವುದು ದಿನ ಬಿಟ್ಟು ದಿನ, ಬೆಳಗಿನ ಐದೂವರೆಗೆ. ಆ ಬುಧವಾರ ನಳದ ದಿನ. ಎದ್ದವಳೇ ಕೊಡ, ಬಕೆಟ್ಟು, ಅಡುಗೆಮನೆಯ ಸ್ಟೀಲಿನ ಟಾಕಿ ಎಲ್ಲ ತುಂಬಿಸಿದೆ. ಅಂಗಳಕ್ಕೆ ನೀರು ಹೊಡೆದು ನಾಲ್ಕೆಳೆ ರಂಗೋಲಿ ಎಳೆದೆ. ಗೇಟಿಗೆ ಸಿಕ್ಕಿಸಿದ ಚೀಲದಿಂದ ಹಾಲಿನ ಪಾಕೀಟು ತೆಗೆದುಕೊಂಡು ಒಳಗೆ ಬಂದೆ. ಕಲಬುರ್ಗಿಯ ಕುಸನೂರಿನ ಕಡೆಯ ಈ ಬಡಾವಣೆಗೆ ನಾವು ಬಂದಾಗ ಸುತ್ತೆಲ್ಲ ತೊಗರಿ ಹೊಲ ಇತ್ತು. ಈಗ ಹೊಲದ ಗುರುತಿಗೆ ಒಂದು ಬೇವಿನ ಗಿಡ ಉಳಿದಿದೆ, ಅದರ ನೆರಳಿಗೆ ಎಲ್ಲರೂ ಕಾರು ನಿಲ್ಲಿಸುತ್ತಾರೆ. ಒಂದು ಒಲೆಗೆ ಹಾಲು, ಇನ್ನೊಂದಕ್ಕೆ ಜೋಳದ ಹಿಟ್ಟಿನ ಎಸರು ಇಟ್ಟೆ. ನಮ್ಮವರು ಎಂಟಕ್ಕೆಲ್ಲ ನಂದೂರಿನ ದಾಲ್ ಮಿಲ್ಲಿಗೆ ಹೊರಡಬೇಕು. ಡಬ್ಬಿಗೆ ಮೂರು ರೊಟ್ಟಿ, ಬೆಳಗಿಗೆ ಎರಡು, ನನಗೆ ಎರಡು, ಅತ್ತೆಗೆ ಎರಡು.

ಅತ್ತೆಯ ಎರಡು ರೊಟ್ಟಿ ತಟ್ಟಿ ಬೇಯಿಸಿ ಬುಟ್ಟಿಗೆ ಹಾಕಿದ ಮೇಲೆ ನೆನಪಾಯಿತು, ಇವು ಇವತ್ತೂ ಉಳಿಯುತ್ತವೆ ಎಂದು. ಭಾನುವಾರದಿಂದ ಹೀಗೇ ಆಗಿತ್ತು. ತಲೆಗೆ ಗೊತ್ತಿದ್ದರೂ ಕೈ ಕೇಳುತ್ತಿರಲಿಲ್ಲ, ತನ್ನ ರೂಢಿಯಂತೆ ಬಡಿದು ಹಾಕುತ್ತಿತ್ತು.

ಶನಿವಾರ ಅತ್ತೆ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಿದ್ದರು. ಎಡ ಮುಂಗೈಯ ಎಲುಬು ಬಿರುಕು ಬಿಟ್ಟಿತ್ತು. ಡಾಕ್ಟರು ಮೊಣಕೈಯಿಂದ ಹಿಡಿದು ಬೆರಳ ಬುಡದವರೆಗೆ ಪ್ಲಾಸ್ಟರ್ ಸುತ್ತಿ, ಐದು ವಾರ ಹೀಗೇ ಇರಲಿ ಎಂದರು. ಹೊರಗೆ ಕಾಣುತ್ತಿದ್ದದ್ದು ಬೆರಳುಗಳು ಮಾತ್ರ. ಆಟೋದಲ್ಲಿ ಮನೆಗೆ ಬರುವಾಗ ಅತ್ತೆ ಆ ಬಿಳಿಯ ದಿಮ್ಮಿಯನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಸುನಂದಾ, ಇದರಾಗ ಅಂಗೈ ಎಲ್ಲದ?" ಎಂದು ಕೇಳಿದರು.

ಪ್ರಶ್ನೆಯ ಭಾರ ನನಗೆ ಆಗ ತಿಳಿಯಲಿಲ್ಲ. ಮರುದಿನ ತಿಳಿಯಿತು.

ನಮ್ಮಲ್ಲಿ ಲಿಂಗ ಕೊರಳಲ್ಲೇ ಇರುತ್ತದೆ, ಬೆಳ್ಳಿಯ ಕರಡಿಗೆಯೊಳಗೆ. ದಿನಾ ಸ್ನಾನ ಮಾಡಿ, ಹಣೆಗೆ ಈಬತ್ತಿ ಹಚ್ಚಿಕೊಂಡು, ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಬಲಗೈಯಿಂದ ನೀರು, ಈಬತ್ತಿ, ಪತ್ರಿ. ಆಮೇಲೆ ಸುಮ್ಮನೆ ಅದನ್ನೇ ನೋಡುತ್ತ ಕೂರಬೇಕು. ಶಿವಯೋಗ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ಇದಕ್ಕೇ. ಅತ್ತೆ ಕಮಲಾಪುರದ ಮಠದಲ್ಲಿ ಹನ್ನೊಂದನೆಯ ವಯಸ್ಸಿಗೆ ದೀಕ್ಷೆ ತೆಗೆದುಕೊಂಡವರು. ಅಂಗೈ ಮೇಲೆ ಪೂಜೆ ಆಗುವ ತನಕ ಒಲೆ ಮುಟ್ಟಿದ ಪದಾರ್ಥ ಬಾಯಿಗೆ ಹೋಗಬಾರದು ಎಂದು ಗುರುಗಳು ಅವತ್ತು ಮಾತು ತೆಗೆದುಕೊಂಡಿದ್ದರಂತೆ. ಅರವತ್ತು ವರ್ಷ ನಡೆದಿದೆ. ಮೂರು ಹೆರಿಗೆಯಲ್ಲೂ ತಪ್ಪಿಲ್ಲ. ಈಗ ಬಚ್ಚಲ ಕಲ್ಲೊಂದು ತಪ್ಪಿಸಿತು.

ಒಲೆ ಮುಟ್ಟಿದ್ದು ಬೇಡ ಎಂದರೆ ರೊಟ್ಟಿ ಇಲ್ಲ, ಅನ್ನ ಇಲ್ಲ, ಅವರ ಜೀವವಾದ ಚಹಾವೂ ಇಲ್ಲ. ಬಾಳೆಹಣ್ಣು, ಖರ್ಜೂರ, ನೆನೆಸಿದ ಶೇಂಗಾ, ಇಷ್ಟೇ. ಸಕ್ಕರೆ ರೋಗದವರಿಗೆ ಇದಕ್ಕಿಂತ ಕೆಟ್ಟ ಪಥ್ಯ ಹುಡುಕಿದರೂ ಸಿಗದು. ಡಾಕ್ಟರು ಫೋನಿನಲ್ಲಿ ನನ್ನನ್ನೇ ಬೈದರು, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲವೇ ಎಂದು. ಇರುವ ದೊಡ್ಡವರದೇ ಈ ಕೆಲಸ ಎಂದು ಹೇಳಲು ಬಾಯಿ ಬರಲಿಲ್ಲ.

ನಮ್ಮವರು ಮಗನ ಸಲಿಗೆಯಲ್ಲಿ ಎರಡು ದಿನ ವಾದ ಮಾಡಿದರು.

"ಯವ್ವಾ, ಬಲಗೈಯಾಗ ಹಿಡೀಬಾರದೇನು? ದೇವರು ಕೈ ನೋಡ್ತಾನೇನು?"

"ದೇವರು ನೋಡೂದಿಲ್ಲಪ್ಪಾ. ಗುರು ನೋಡಿ ಕೊಟ್ಟಾನ."

"ಹಂಗಾರ ಟೀಪಾಯಿ ಮ್ಯಾಲ ಇಟ್ಟು ಮಾಡು."

"ಟೀಪಾಯಿಗೆ ದೀಕ್ಷಾ ಆಗ್ಯದೇನು?"

ಸೋಮವಾರ ಮಠಕ್ಕೆ ಫೋನ್ ಮಾಡಿದೆವು. ಎತ್ತಿದವರು ಅಪ್ಪಾವ್ರು, ಅಂದರೆ ಮಠದ ಸ್ವಾಮಿಗಳು, ಪೂಜೆಗೆ ಕುಳಿತಿದ್ದಾರೆ ಎಂದರು. ಸಂಜೆ ಅವರೇ ತಿರುಗಿ ಫೋನ್ ಮಾಡಿ, "ಬಲಗೈಯಾಗ ಮಾಡ್ಲಿ ಅಂತ ಹೇಳ್ಯಾರ್ರಿ" ಎಂದರು. ಸ್ಪೀಕರಿನಲ್ಲಿ ಕೇಳಿಸಿದೆ. ಅತ್ತೆ ಹುಬ್ಬು ಗಂಟಿಕ್ಕಿದರು.

"ಇದು ಅಪ್ಪಾವ್ರ ಮಾತೋ, ಫೋನ್ ಎತ್ತಿದಾವ್ನ ಮಾತೋ?"

ಬುಧವಾರ ಬೆಳಿಗ್ಗೆ ನಾನು ರೊಟ್ಟಿಯ ಬುಟ್ಟಿ ಮುಚ್ಚುತ್ತಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಿಂತ ರೀತಿ ಸರಿ ಇರಲಿಲ್ಲ, ಚೌಕಟ್ಟೇ ಅವರನ್ನು ಹಿಡಿದುಕೊಂಡಂತಿತ್ತು. ಕೂರಿಸಿ ನೀರು ಕೊಟ್ಟೆ. ಹಣೆಯಲ್ಲಿ ಬೆವರು ಹನಿದಿತ್ತು.

"ನೀ ಹೋಗಿ ಕೇಳ್ಕೊಂಡು ಬಾ," ಎಂದರು ಕಣ್ಣು ಮುಚ್ಚಿಕೊಂಡೇ. "ಅವ್ರು ಅಂದದ್ದು ಅಂದಂಗ ಹೇಳು. ಎರಡು ಮಾತು ಹೆಚ್ಚು ಬ್ಯಾಡ, ಎರಡು ಮಾತು ಕಡಿಮಿ ಬ್ಯಾಡ."

ಬಾಜೂ ಮನೆಯ ಶಾಂತಾಬಾಯಿ ಇದ್ದಿದ್ದರೆ ಅತ್ತೆಯ ಹತ್ತಿರ ಬಂದು ಕೂರುತ್ತಿದ್ದರು. ಅವರು ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಶುಕ್ರವಾರವೇ ಊರಿಗೆ ಹೋಗಿದ್ದರು, ಅತ್ತೆ ಬಿದ್ದದ್ದೂ ಅವರಿಗೆ ಗೊತ್ತಿರಲಿಲ್ಲ. ನಮ್ಮವರು ಮಿಲ್ಲಿಗೆ ರಜೆ ಹೇಳಿ ಮನೆಯಲ್ಲಿ ಉಳಿದರು. ನಾನು ಚೀಲ ಹೆಗಲಿಗೆ ಹಾಕಿ ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಬಸ್ಸು ಇನ್ನೂ ಬಂದಿರಲಿಲ್ಲ. ಆ ಹತ್ತು ನಿಮಿಷದಲ್ಲಿ ನನ್ನ ತಲೆಗೆ ಬಂದ ವಿಚಾರವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಮಲಾಪುರಕ್ಕೆ ಹೋಗುವುದೇ ಯಾಕೆ? ಇಲ್ಲೇ ಅರ್ಧ ದಿನ ಕಳೆದು, ಸೂಪರ್ ಮಾರ್ಕೆಟ್ಟಿನಲ್ಲಿ ಬ್ಲೌಸ್ ಪೀಸು ನೋಡಿ, ಮನೆಗೆ ಹೋಗಿ "ಅಪ್ಪಣೆ ಆಯ್ತ್ರಿ" ಎಂದರೆ ಮುಗಿಯಿತಲ್ಲ? ಫೋನಿನಲ್ಲಿ ಬಂದ ಉತ್ತರವೂ ಅದೇ, ಅಲ್ಲಿ ಸಿಗುವ ಉತ್ತರವೂ ಅದೇ. ಅತ್ತೆ ಊಟ ಮಾಡಿದರೆ ಸಾಕು. ಬಸ್ಸು ಬಂತು. ಹತ್ತಿದೆ. ಸತ್ಯಸಂಧತೆಯಿಂದ ಹತ್ತಿದೆ ಎಂದು ತಿಳಿಯಬೇಡಿ. ಸುಳ್ಳು ಹೇಳುವಾಗ ನನ್ನ ಮೂಗಿನ ತುದಿ ಕೆಂಪಾಗುತ್ತದೆ, ಅತ್ತೆಗೆ ಅದು ಗೊತ್ತಿದೆ.

ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಶೂನ್ಯದ ಟಿಕೆಟ್ ಹರಿದು ಕೊಟ್ಟರು. ಪಕ್ಕದಲ್ಲಿ ಕೂತ ಅಜ್ಜಿ ಮೊಬೈಲಿನಲ್ಲಿ ಯಾವುದೋ ಯೋಗದ ವಿಡಿಯೋ ನೋಡುತ್ತಿದ್ದಳು. ಕೂತಲ್ಲೇ ಕುತ್ತಿಗೆ ತಿರುಗಿಸುತ್ತಿದ್ದಳು, ತಿರುಗಿದಾಗೊಮ್ಮೆ ಅವಳ ತಲೆ ನನ್ನ ಭುಜಕ್ಕೆ ತಾಗುತ್ತಿತ್ತು. ಹೋದ ವರ್ಷ ನಾನೂ ಮೊಬೈಲಿನಿಂದಲೇ ಯೋಗ ಕಲಿತವಳು. ಗುಲಾಬಿ ಬಣ್ಣದ ಬಟ್ಟೆಯ ಒಬ್ಬಾಕೆ, ಹಿಂದೆ ಸಮುದ್ರ. "ನಿಮ್ಮ ಎಡಕ್ಕೆ ನಿಧಾನವಾಗಿ" ಎನ್ನುತ್ತ ತಾನು ಬೇರೆ ಕಡೆಗೆ ತಿರುಗುತ್ತಿದ್ದಳು. ಅವಳ ಮಾತು ಕೇಳಬೇಕೋ ಅವಳನ್ನು ನೋಡಬೇಕೋ ತಿಳಿಯದೆ ನಾನು ನಡುವೆಲ್ಲೋ ಸಿಕ್ಕಿಕೊಂಡೆ. ಹನ್ನೆರಡು ದಿನ ಕುತ್ತಿಗೆ ಒಂದೇ ಕಡೆ ಉಳಿಯಿತು. ಬಲಕ್ಕಿರುವವರ ಜೊತೆ ಮಾತಾಡಬೇಕಾದರೆ ಇಡೀ ಮೈ ತಿರುಗಿಸಬೇಕಾಗಿತ್ತು. "ನಿನ್ನ ಗುರುಗಳಿಗೆ ಒಂದು ಕಮೆಂಟ್ ಹಾಕು," ಎಂದು ನಮ್ಮವರು ನಕ್ಕಿದ್ದರು. ಹಾಕಿದೆ ಕೂಡ. ಒಂದು ಕೆಂಪು ಹೃದಯ ಉತ್ತರವಾಗಿ ಬಂತು.

ಎಡ ಬಲದ ವಿಷಯದಲ್ಲಿ ನನ್ನ ಹಣೆಬರಹವೇ ಹಾಗೆ. ಬಸ್ಸು ಊರು ಬಿಟ್ಟಂತೆ ಒಂದು ಹಳೆಯ ಅಳುಕು ಮತ್ತೆ ಎದ್ದಿತು. ಅದನ್ನು ಹೇಳಬೇಕಾದರೆ ಕಾನ್ವೆಂಟಿಗೆ ಹೋಗಬೇಕು.

ನನ್ನ ತವರು ಕಮಲಾಪುರ. ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕು ಎಂಬ ಹಟ. ಆರು ವರ್ಷಕ್ಕೇ ನನ್ನನ್ನು ಕಲಬುರ್ಗಿಯ ಕಾನ್ವೆಂಟಿಗೆ ಹಾಕಿ, ಅಲ್ಲೇ ಹಾಸ್ಟೆಲಿನಲ್ಲಿ ಬಿಟ್ಟರು. ಅಲ್ಲಿ ಕವಾಯತು, ಆಕ್ಷನ್ ಸಾಂಗು, ಹೊಲಿಗೆ ಎಲ್ಲ ಕಲಿಸುತ್ತಿದ್ದವರು ಸಿಸ್ಟರ್ ಬಿಯಾಟ್ರಿಸ್. ತೆಳ್ಳಗೆ, ನೆಟ್ಟಗೆ, ನಕ್ಕರೆ ಒಂದೇ ಹಲ್ಲು ಕಾಣುವಷ್ಟು ನಗುವವರು. ನಮ್ಮ ಎದುರು ನಿಂತು ಕಲಿಸುವಾಗ ಅವರದೊಂದು ಪದ್ಧತಿ ಇತ್ತು. ನಮ್ಮ ಬಲಗೈ ಏಳಬೇಕಾದರೆ ಅವರು ತಮ್ಮ ಎಡಗೈ ಎತ್ತುತ್ತಿದ್ದರು. "ನಾನು ನಿಮ್ಮ ಕನ್ನಡಿ. ಕನ್ನಡಿ ಮಾಡಿದಂತೆ ಮಾಡಿ, ಯೋಚನೆ ಮಾಡಬೇಡಿ" ಎನ್ನುತ್ತಿದ್ದರು. ನಲವತ್ತು ಹುಡುಗಿಯರ ಕೈಗಳು ಒಂದೇ ಕಡೆ ಏಳುತ್ತಿದ್ದವು. ಎರಡು ವರ್ಷದಲ್ಲಿ ಅದು ನನ್ನ ಎಲುಬಿಗೆ ಇಳಿದಿತ್ತು.

ಎಂಟನೆಯ ವಯಸ್ಸಿಗೆ, ಬೇಸಿಗೆ ರಜೆಯ ಕೊನೆಯಲ್ಲಿ, ಮಠದಲ್ಲಿ ನನಗೆ ಲಿಂಗದೀಕ್ಷೆ ಆಯಿತು. ಜೊತೆಗೆ ಕಾಕಾನ ಇಬ್ಬರು ಹೆಣ್ಣುಮಕ್ಕಳು. ದೀಕ್ಷೆಯ ಹೊತ್ತಿಗೆ ಹಿರಿಯ ಅಪ್ಪಾವ್ರು ತಾವೇ ಲಿಂಗವನ್ನು ನನ್ನ ಅಂಗೈ ಮೇಲೆ ಇಟ್ಟರಂತೆ. ಲೋಬಾನದ ಹೊಗೆಗೆ ಕಣ್ಣು ಉರಿದದ್ದು ಬಿಟ್ಟರೆ ನನಗೆ ಏನೂ ನೆನಪಿಲ್ಲ. ನೆನಪಿರುವುದು ಮರುದಿನ ಬೆಳಗಿನ ಪಾಠ. ದಿನಾ ಪೂಜೆ ಹೇಗೆ ಮಾಡಬೇಕು ಎಂದು ತೋರಿಸಲು ಅಪ್ಪಾವ್ರು ನಮ್ಮ ಮೂವರ ಎದುರಿಗೆ ಮಣೆ ಹಾಕಿ ಕುಳಿತರು. ತಮ್ಮ ಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಕಾಕಾನ ಮಕ್ಕಳು ಮನೆಯಲ್ಲಿ ತಾಯಿಯ ಪಕ್ಕ ಕೂತು ನೋಡಿದವರು, ಎಡಗೈ ಮುಂದೆ ಮಾಡಿದರು. ನಾನು ಕಾನ್ವೆಂಟಿನ ಶಿಸ್ತಿನ ಹುಡುಗಿ. ಎದುರಿಗೆ ಕೂತ ಗುರು ಎಂದರೆ ಕನ್ನಡಿ. ಅವರ ಕೈಯ ನೇರಕ್ಕೆ ಯಾವ ಕೈ ಬರುತ್ತದೋ ಅದನ್ನು ಚಾಚಿದೆ. ಅದು ಬಲಗೈ. ಮಧ್ಯಾಹ್ನದ ಬಸ್ಸಿಗೆ ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದರು.

ಹಾಸ್ಟೆಲಿನಲ್ಲಿ ಮಂಚದ ಮೇಲೆ, ಗೋಡೆ ಕಡೆ ಮುಖ ಮಾಡಿ, ಯಾರೂ ಏಳುವ ಮುಂಚೆ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಸಿಸ್ಟರ್ ಬಿಯಾಟ್ರಿಸ್ ಕವಾಯತಿನಲ್ಲಿ ನನ್ನ ಕರಡಿಗೆ ಅಂಗಿಯ ಹೊರಗೆ ತೂಗಾಡುವುದನ್ನು ನೋಡಿ, ಇದೇನು ಎಂದು ಕೇಳಿದರು. ನನ್ನ ದೇವರು ಸಿಸ್ಟರ್, ಎಂದೆ. ಅವರು, ದೇವರನ್ನು ಹೀಗೆ ಕುಣಿಸಬಾರದು ಎಂದು ಅದನ್ನು ಮೆಲ್ಲನೆ ಕಾಲರಿನೊಳಗೆ ಇಳಿಸಿ ಗುಂಡಿ ಹಾಕಿದರು. ಆ ಬೆರಳುಗಳ ತಂಪು ಇವತ್ತಿಗೂ ನೆನಪಿದೆ.

ತಪ್ಪು ತಿಳಿದದ್ದು ಮದುವೆಯಾಗಿ ಬಂದ ಮೇಲೆ. ಅತ್ತೆಯ ಪೂಜೆಗೆ ಪತ್ರಿ ತಂದು ಇಡುವಾಗ ನೋಡಿದೆ, ಅವರ ಲಿಂಗ ಎಡಗೈಯಲ್ಲಿ. ಮೊದಲು ಅತ್ತೆಯೇ ತಪ್ಪು ಎಂದುಕೊಂಡೆ. ಹೊಸ ಸೊಸೆಗೆ ಅಷ್ಟು ಅಹಂಕಾರ ಇದ್ದೇ ಇರುತ್ತದೆ. ಆಮೇಲೆ ಮಠದ ಗೋಡೆಯ ಪಟ ನೋಡಿದೆ, ಕಾಕಾನ ಮಗಳನ್ನು ನೋಡಿದೆ. ಅಷ್ಟರಲ್ಲಿ ಹದಿನಾರು ವರ್ಷ ಆಗಿತ್ತು. ಎಡಗೈಗೆ ಬದಲಿಸಿ ನೋಡಿದೆ, ಬೇರೆ ಯಾರದೋ ಮನೆಗೆ ಹೋಗಿ ಕೂತಂತಾಯಿತು. ಯಾರಿಗೂ ಹೇಳಲಿಲ್ಲ. ಮೂಲೆಯಲ್ಲಿ ಬೆನ್ನು ಮಾಡಿ ಕೂತು ನನ್ನದು ನನಗೆ ಎಂದು ನಡೆಸಿಕೊಂಡು ಬಂದೆ. ಮೂವತ್ತೆಂಟು ವರ್ಷ ತಪ್ಪು ಕೈಯಲ್ಲಿ ಮಾಡಿದ ಪೂಜೆ ಎಲ್ಲಿಗೆ ಹೋಗಿರಬಹುದು ಎಂದು ಒಮ್ಮೊಮ್ಮೆ ರೊಟ್ಟಿ ಬಡಿಯುವಾಗ ಯೋಚನೆ ಬರುತ್ತಿತ್ತು. ಹೀಗಿದ್ದವಳು ಅತ್ತೆಯ ಬಲಗೈಗೆ ಅಪ್ಪಣೆ ಕೇಳಲು ಹೊರಟಿದ್ದೆ.

ಕಮಲಾಪುರದಲ್ಲಿ ಇಳಿದಾಗ ಹನ್ನೊಂದು ಗಂಟೆ. ರಸ್ತೆಯ ಪಕ್ಕದ ಗಾಡಿಗಳಲ್ಲಿ ಕೆಂಪು ಬಾಳೆಯ ಗೊನೆ ತೂಗುಹಾಕಿದ್ದರು. ಮಠದ ಅಂಗಳದಲ್ಲೂ ಭಕ್ತರು ತಂದಿಟ್ಟ ಎರಡು ಗೊನೆ ಗೋಡೆಗೆ ಒರಗಿದ್ದವು. ಹಿರಿಯ ಅಪ್ಪಾವ್ರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಈಗಿನವರು ನನಗಿಂತ ನಾಲ್ಕು ವರ್ಷ ಸಣ್ಣವರು. ಕಾವಿ ಅಂಗಿಯ ತೋಳು ಮಡಚಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮಠದ ಗೋಡೆ ಗಡಿಯಾರದ ಹಿಂಬದಿ ಬಿಚ್ಚಿ ಸೆಲ್ ಹಾಕುತ್ತ ಕೂತಿದ್ದರು. ನಮಸ್ಕಾರ ಮಾಡಿದೆ.

"ಬರ್ರಿ ತಾಯಿ. ಅತ್ತಿ ಹ್ಯಾಂಗ ಅದಾರ? ಎಲುಬು ಕೂಡ್ಲಿಕತ್ತದೇನು?"

"ಎಲುಬಿನ ಚಿಂತಿ ಇಲ್ರಿ ಅಪ್ಪಾವ್ರೆ. ನಾಕ ದಿನ ಆತು, ಊಟ ಮಾಡ್ವಲ್ರು. ಇವತ್ತ ಮುಂಜಾನೆ ತಲಿ ತಿರುಗಿ ನಿಂತಿದ್ರು."

"ಬಲಗೈಯಾಗ ಮಾಡ್ಲಿ ಅಂತ ಫೋನಿನ್ಯಾಗ ಹೇಳ್ಸಿದ್ನೆಲ್ಲಾ?"

"ನೀವು ಹೇಳಿದ್ದು ಅಂತ ನಂಬವಲ್ರು."

ಅವರು ಗಡಿಯಾರ ಕೆಳಗಿಟ್ಟು ನಕ್ಕರು. "ಬರೋಬ್ಬರಿ ಮಾಡ್ಯಾರ. ತಪ್ಪು ನಂದು. ನಾನೇ ಮಾತಾಡಬೇಕಾಗಿತ್ತು."

ಆಮೇಲೆ ಒಂದೊಂದೇ ಹೇಳಿದರು. ಬಲ ಅಂಗೈಯಲ್ಲಿ ಹಿಡಿಯಲಿ. ಪ್ಲಾಸ್ಟರಿನ ಹೊರಗಿರುವ ಬೆರಳ ತುದಿಯಿಂದ ಪತ್ರಿ ಏರಿಸಲಿ. ನೀರು ಹಾಕಲು ಬಾರದಿದ್ದರೆ ಬೆರಳಿಗೆ ಒಂದು ಹನಿ ಹಚ್ಚಿ ಮುಟ್ಟಿಸಿದರೆ ಸಾಕು. ಅಷ್ಟು ಹೇಳಿದವರು ತಮ್ಮ ಎರಡು ಕೈಗಳನ್ನು ತಾವೇ ನೋಡಿಕೊಂಡರು. ಬಲ ಅಂಗೈ ಚಾಚಿ, ಎಡಗೈ ಬೆರಳು ಅದರ ಮೇಲೆ ತಂದು ನೋಡಿ, ಮುಖ ಗಂಭೀರ ಮಾಡಿದರು.

"ಹೇಳೂದು ಸಸಾರ. ಅರವತ್ತು ವರ್ಷದ ಕೈ ತಿರುವೂದು ಸಸಾರ ಅಲ್ಲ. ನನಗೇ ಗಡಬಡ ಆಗ್ಲಿಕತ್ತದ. ನಾಕ ದಿನದ ಉಪವಾಸದ ಕೈ ಬ್ಯಾರೆ. ಲಿಂಗ ಜಾರಿ ನೆಲಕ್ಕ ಬಿತ್ತಂದ್ರ ಆ ಜೀವ ತಡಕೊಳ್ಳೂದಿಲ್ಲ. ಯಾರರೆ ಬಾಜೂಕ ಕುಂತು ತೋರಸಬೇಕು. ಬಲಗೈಯಾಗ ಹಿಡಿದು ರೂಢಿ ಇದ್ದವ್ರು ಯಾರ ಸಿಗ್ತಾರ ಈಗ?"

ಅಂಗಳದಲ್ಲಿ ಒಂದು ಅಳಿಲು ಬಾಳೆಗೊನೆಯ ಮೇಲೆ ಹತ್ತಿ ಇಳಿಯಿತು. ಹೇಳದೆ ಎದ್ದು ಬರಬಹುದಿತ್ತು. ಆದರೆ ಅತ್ತೆಯ ಕೈಯಿಂದ ಅದು ಜಾರುವ ಚಿತ್ರ ಕಣ್ಣ ಮುಂದೆ ಬಂದುಬಿಟ್ಟಿತು.

"ನಾ ಇದ್ದೀನ್ರಿ ಅಪ್ಪಾವ್ರೆ," ಎಂದೆ.

ಅವರು ಕನ್ನಡಕ ತೆಗೆದರು. ನಾನು ಎಲ್ಲ ಹೇಳಿದೆ. ಸಿಸ್ಟರು, ಕನ್ನಡಿ, ಮಣೆ, ಮಧ್ಯಾಹ್ನದ ಬಸ್ಸು. ಹೇಳುತ್ತ ಹೇಳುತ್ತ ನಲವತ್ತಾರು ವರ್ಷದ ಹೆಂಗಸು ಎಂಬುದು ಮರೆತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದೆ. ಅವರು ಸಮಾಧಾನ ಹೇಳಲಿಲ್ಲ. ಬೇರೇನೋ ಲೆಕ್ಕ ಹಾಕುತ್ತಿರುವವರಂತೆ ಕಾಣುತ್ತಿದ್ದರು.

"ಹಿರಿಯ ಅಪ್ಪಾವ್ರು ಎದುರಿಗೆ ಕುಂತಿದ್ರಾ? ಖರೇನ?"

"ಹೌದ್ರಿ. ಮಣಿ ಹಾಕ್ಕೊಂಡು."

"ಅವ್ರು ಯಾರಿಗೂ ಎದುರಿಗೆ ಕುಂತು ಕಲ್ಸಿದ್ದು ನಾ ನೋಡಿಲ್ಲ ತಾಯಿ. ನಾ ಏಳು ವರ್ಷದಾವ ಇದ್ದಾಗ ನನ್ನ ಬಾಜೂಕ ಕುಂತಿದ್ರು, ಭುಜಕ್ಕ ಭುಜ ಹಚ್ಚಿ. ಎಲ್ಲಾ ಮಕ್ಕಳಿಗೂ ಹಂಗೇ. ಎದುರಿಗೆ ಕುಂತ್ರ ಕೂಸು ತಿರುವಿ ಕಲೀತದ ಅಂತಿದ್ರು. ಈ ಮಾತು ಅವ್ರಿಗೆ ಎಲ್ಲಿಂದ ಬಂತು ಅಂತ ನಾ ಎಂದೂ ಕೇಳಿಲ್ಲ."

ನಾನು ಮನಸ್ಸಿನಲ್ಲೇ ವರ್ಷ ಎಣಿಸಿದೆ. ಅವರಿಗೆ ಏಳು ಎಂದರೆ ನನಗೆ ಹನ್ನೊಂದು. ನನ್ನ ಪಾಠವಾಗಿ ಮೂರು ವರ್ಷ.

"ನಾ ಬಲಗೈ ಚಾಚಿದ್ದು ನೋಡಿದ್ರಂದ್ರ ನನ್ನ ಯಾಕ ಕರೆಸಿ ತಿದ್ದಲಿಲ್ರಿ?"

"ಅದು ನನಗ ಗೊತ್ತಿಲ್ಲ," ಎಂದರು ಅವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಗುರು ಅವರು. ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ನೀವು ಹಿಡಿದದ್ದು ತಪ್ಪು ಅಂತ ಅವ್ರಿಗೆ ಅನಿಸಿರಲಿಕ್ಕಿಲ್ಲ. ತಾ ಕುಂತದ್ದು ತಪ್ಪು ಅನಿಸಿರಬೇಕು."

ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ತಪ್ಪನ್ನು ಒಬ್ಬ ಮುದುಕರು ಅವತ್ತೇ ತಮ್ಮ ಹೆಸರಿಗೆ ಬರೆದುಕೊಂಡು ಹೋಗಿದ್ದರೇ? ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಕಾನ್ವೆಂಟಿನಲ್ಲಿ ನಾವು ತಪ್ಪು ಮಾಡಿದರೆ ಐವತ್ತು ಸಲ ಬರೆಯುತ್ತಿದ್ದೆವು. ಕಲಿಸಿದವರು ತಮ್ಮ ಕೂರುವ ಜಾಗ ಬದಲಿಸಿದ್ದು ನಾನು ಎಲ್ಲೂ ಕಂಡಿರಲಿಲ್ಲ.

"ಈಗ ನಾ ಏನ ಮಾಡ್ಲಿ? ಎಡಗೈಗೆ ಬರ್ಲಾ?"

"ಅತ್ತಿ ಪ್ಲಾಸ್ಟರ್ ಬಿಚ್ಚೂತನಾ ಹಂಗೇ ಇರ್ಲಿ. ಐದು ವಾರ ಅವ್ರಿಗೆ ನೀವು ಕಲಿಸ್ರಿ. ಬಿಚ್ಚಿದ ದಿನ ಇಬ್ಬರೂ ಎಡಗೈಗೆ ಬರ್ರಿ. ಅವತ್ತ ನಿಮಗ ಅವ್ರು ಕಲಿಸ್ಲಿ." ಒಂದು ಈಬತ್ತಿಯ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಎರಡು ಕೆಂಪು ಬಾಳೆಹಣ್ಣು ಮುರಿದು ಕೊಡುವಾಗ ಎಚ್ಚರಿಸಿದರು, "ಇವು ನಿಮಗ. ಅತ್ತಿಗೆ ತೋರಸಲಿಕ್ಕೇ ಹೋಗಬ್ಯಾಡ್ರಿ."

ಹಣ್ಣು ಬಸ್ಸಿನಲ್ಲೇ ತಿಂದೆ.

ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಅತ್ತೆ ಸ್ನಾನ ಮಾಡಿ, ಒದ್ದೆ ಕೂದಲು ಹಾಗೇ ಬಿಟ್ಟು, ಪೂಜೆಯ ಮಣೆಯ ಮೇಲೆ ಕೂತು ಕಾಯುತ್ತಿದ್ದರು. ಯಾವಾಗಿನಿಂದ ಕೂತಿದ್ದರೋ. ನಮ್ಮವರು ದೂರದಿಂದಲೇ ನನಗೆ ಕೈಸನ್ನೆ ಮಾಡಿದರು, ಬೇಗ ಹೇಳು ಎಂದು.

ಅಂದದ್ದು ಅಂದಂತೆ ಹೇಳಿದೆ. ತಪ್ಪು ನಂದು ಎಂದದ್ದು, ಬಲಗೈ, ಬೆರಳ ತುದಿ, ಒಂದು ಹನಿ. ಅತ್ತೆ ನನ್ನ ಮೂಗಿನ ತುದಿಯನ್ನೇ ನೋಡುತ್ತಿದ್ದರು.

"ತಪ್ಪು ನಂದು ಅಂದ್ರಾ?"

"ಹೌದ್ರಿ ಅತ್ತಿ. ನಾನೇ ಮಾತಾಡಬೇಕಾಗಿತ್ತು ಅಂದ್ರು."

"ಹಂಗಾರ ಅವ್ರೇ," ಎಂದರು ಅತ್ತೆ. "ಫೋನ್ ಎತ್ತಿದಾವ ಹಂಗ ಅನ್ನೂದಿಲ್ಲ."

ಈಬತ್ತಿ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡರು. ಇನ್ನು ನನ್ನ ಪಾಳಿ. ಅತ್ತೆಯ ಪಕ್ಕದಲ್ಲಿ ಭುಜಕ್ಕೆ ಭುಜ ತಾಗುವಂತೆ ಕೂತೆ. ನನ್ನ ಕರಡಿಗೆ ಬಿಚ್ಚುವ ಮೊದಲು ಬಾಯಿ ತೆರೆದೆ.

"ಅತ್ತಿ, ನಿಮಗ ಒಂದು ಮಾತು ಹೇಳಬೇಕಾಗ್ಯದ. ನಾ ಸಣ್ಣಾಕಿ ಇದ್ದಾಗಿಂದ..."

"ಬಲಗೈಯಾಗ ಹಿಡೀತಿ. ಗೊತ್ತದ."

"ಯಾವಾಗಿಂದ?"

"ನೀ ಬಂದ ಎರಡನೇ ದಿನದಿಂದ. ಆ ಮೂಲ್ಯಾಗ ಬೆನ್ನ ಮಾಡಿ ಕುಂತ್ರ ಕಾಣ್ಸೂದಿಲ್ಲೇನ? ಎದುರಿಗೆ ಗಾಜಿನ ಕಪಾಟು ಅದ."

"ಮತ್ತ ಇಪ್ಪತ್ತೆರಡು ವರ್ಷ ಒಂದ ಮಾತೂ ಅನ್ನಲಿಲ್ಲಲ್ರೀ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು, ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನೋಡುವಂತೆ. "ನಾ ಏನ ಅನ್ಲಿ? ಅಪ್ಪಾವ್ರು ನಿನಗ ಹಂಗ ಹೇಳಿರಬೇಕು ಅನ್ಕೊಂಡೆ. ಕಾನ್ವೆಂಟಿನ ಹುಡುಗಿ, ಏನ ಕಾರಣ ಇತ್ತೋ. ಗುರು ಹೇಳಿದ್ದಕ್ಕ ಅತ್ತಿ ಬಾಯಿ ಹಾಕ್ತಾಳೇನು?"

"ಹಂಗಾರ ಈ ನಾಕ ದಿನ ನೀವೂ ನನ್ನಂಗೇ ಹಿಡೀಬಹುದಿತ್ತಲ್ಲ?"

"ನಿನಗ ಹೇಳಿದ್ದು ನಿನಗ. ನನಗ ಹೇಳಿದ್ದು ನನಗ. ಬ್ಯಾರೆಯವ್ರ ಅಪ್ಪಣಿ ಕಡ ತಗೋಳಿಕ್ಕೆ ಅದೇನ ಹೆಪ್ಪು ಏನ?"

ನಮ್ಮವರು ಒಳಕೋಣೆಯಿಂದ ಜೋರಾಗಿ ನಕ್ಕದ್ದು ಕೇಳಿಸಿತು.

ಮೊದಲು ನಾನು ಮಾಡಿ ತೋರಿಸಿದೆ. ಬಲ ಅಂಗೈ ಸ್ವಲ್ಪ ಗುಂಡಗೆ ಮಾಡಬೇಕು, ಹೆಬ್ಬೆರಳು ಒಳಗೆ ಬರಬೇಕು, ಮೊಣಕೈ ತೊಡೆಗೆ ಊರಬೇಕು. ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರದ ಸಣ್ಣ ಸಣ್ಣ ಉಪಾಯಗಳು ಒಂದೊಂದಾಗಿ ಬಾಯಿಗೆ ಬಂದವು. ಆಮೇಲೆ ನನ್ನದು ಕಟ್ಟಿಕೊಂಡು ಅವರತ್ತ ನೋಡಿದೆ. ಅತ್ತೆ ಕರಡಿಗೆ ತೆಗೆದು ಲಿಂಗವನ್ನು ಬಲ ಅಂಗೈಗೆ ಇಳಿಸಿಕೊಂಡರು. ಲಿಂಗ ಒಂದು ಕಡೆಗೆ ವಾಲಿತು. ಇನ್ನೊಬ್ಬರ ಲಿಂಗ ಮುಟ್ಟಬಾರದು. ನಾನು ಮುಟ್ಟದೆ, ಅವರ ಕೈಯ ಕೆಳಗೆ ನಾಲ್ಕು ಬೆರಳು ಅಂತರದಲ್ಲಿ ಎರಡೂ ಬೊಗಸೆ ಒಡ್ಡಿ ಕೂತೆ.

"ಮೊಣಕೈ ಊರ್ರಿ ಅತ್ತಿ," ಎಂದೆ ಮೆಲ್ಲಗೆ.

ಊರಿದರು. ಹೆಬ್ಬೆರಳು ಒಳಗೆ ಬಂತು. ಲಿಂಗ ನೆಟ್ಟಗೆ ನಿಂತಿತು. ಪ್ಲಾಸ್ಟರಿನ ತುದಿಯ ಬೆರಳುಗಳು ಪತ್ರಿಯೊಂದನ್ನು ಹಿಡಿದು, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಅದರ ಮೇಲೆ ಇಟ್ಟವು. ಆಮೇಲೆ ಅತ್ತೆ ನನ್ನನ್ನು ಮರೆತರು, ಪ್ಲಾಸ್ಟರನ್ನು ಮರೆತರು. ಅವರ ಕಣ್ಣು ಅಂಗೈಯಲ್ಲೇ ನಿಂತಿತು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ. ಬೊಗಸೆ ಮಾತ್ರ ತೆಗೆಯಲಿಲ್ಲ, ಭುಜ ಹಿಡಿದುಕೊಂಡಿತು. ನಡುವೆ ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ಊರಿನಿಂದ ಬಂದ ಶಾಂತಾಬಾಯಿ ಕುಬಸದ ಉಂಡಿಯ ತಾಟು ಹಿಡಿದು ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದರು. ಪ್ಲಾಸ್ಟರಿನ ಕೈ ಅತ್ತೆಯ ಸೆರಗಿನ ಮರೆಗಿತ್ತು.

ಲಿಂಗ ಕರಡಿಗೆ ಸೇರಿತು. ಅತ್ತೆ ಮಣೆಯಿಂದ ಏಳದೆಯೇ, "ಬುಟ್ಯಾಗ ರೊಟ್ಟಿ ಅವನ?" ಎಂದರು.

"ಮುಂಜಾನೀವು ಅತ್ತಿ. ಹೊಸಾವು ಬಡೀತೀನಿ ತಡೀರಿ."

"ಅವನ್ನೇ ತಾ. ಚಾ ಇಡು ಮೊದಲ."

ಬೆಳಗಿನ ಎರಡು ರೊಟ್ಟಿಯನ್ನು ಶೇಂಗಾ ಹಿಂಡಿ, ಮೊಸರಿನ ಜೊತೆ ನಮ್ಮವರೇ ತಂದು ಮುಂದಿಟ್ಟರು. ಅತ್ತೆ ಬಲಗೈಯಿಂದ ರೊಟ್ಟಿ ಮುರಿದು ತಿನ್ನಲು ಶುರು ಮಾಡಿದರು. ಅವಸರ ಮಾಡಲಿಲ್ಲ, ಆದರೆ ತಲೆಯೂ ಎತ್ತಲಿಲ್ಲ. ನಾನು ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಟ್ಟೆ. ಶಾಂತಾಬಾಯಿ ಹಿಂದೆಯೇ ಬಂದು ಉಂಡಿಯ ತಾಟು ಕಟ್ಟೆಯ ಮೇಲಿಟ್ಟರು. ಹೊರಗೆ ಕೂತವರಿಗೆ ಕೇಳಬಾರದೆಂದು ನನ್ನ ಕಿವಿಯ ಹತ್ತಿರ ಬಾಗಿದರು.

"ಅಲ್ರೀ ಸುನಂದಾ, ಅತ್ತಿ ಲಿಂಗ ಬಲಗೈಯಾಗ ಹಿಡದಾರಲ್ರೀ. ಪಾಪ, ಸಣ್ಣಾಕಿ ಇದ್ದಾಗ ಅವ್ರಿಗೆ ಯಾರೂ ಬಾಜೂಕ ಕುಂತು ಬರೋಬ್ಬರಿ ಕಲಿಸಿಲ್ಲ ಕಾಣ್ತದ."